ಬೆಸುಗೆ ಸರಿಯಿತ್ತು, ಸಾಕ್ಷಿ ಇರಲಿಲ್ಲ

ಪೈಪ್‌ಲೈನ್ ವೆಲ್ಡರ್ ಕೆಲಸ ಅಂದ್ರೆ ಒಳ್ಳೇ ದುಡ್ಡು, ಊರೂರು ಸುತ್ತಾಟ, ಅಷ್ಟೇ ಅಂದ್ಕೊಂಡವರು ಅಲಾಸ್ಕಾದ ಕಥೆ ಕೇಳಬೇಕು.

1968ರಲ್ಲಿ ಅಲಾಸ್ಕಾದ ಉತ್ತರ ತುದಿಯ ಪ್ರೂಡೋ ಬೇಯಲ್ಲಿ ಭಾರೀ ತೈಲ ಸಿಕ್ಕಿತು. ಅಲ್ಲಿನ ಸಮುದ್ರ ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತೆ. ಹಾಗಾಗಿ ದಕ್ಷಿಣದ ವಾಲ್ಡೀಸ್ ಬಂದರಿನವರೆಗೆ 800 ಮೈಲಿ ಪೈಪ್ ಹಾಕೋ ಯೋಜನೆ ಹುಟ್ಟಿತು. ಮೊಕದ್ದಮೆಗಳಲ್ಲಿ ಸಿಕ್ಕಿಬಿದ್ದಿದ್ದ ಅದಕ್ಕೆ 1973ರ ತೈಲ ಬಿಕ್ಕಟ್ಟು ದಾರಿ ಬಿಡಿಸಿತು. 1975ರ ಮಾರ್ಚ್‌ನಲ್ಲಿ ಮೊದಲ ಪೈಪ್ ನೆಲಕ್ಕಿಳೀತು.

ಬೆಸುಗೆ ಹಾಕಲು ಬಂದವರಲ್ಲಿ ಹೆಚ್ಚಿನವರು ಓಕ್ಲಹೋಮಾದ ಟಲ್ಸಾದಲ್ಲಿ ಕಚೇರಿಯಿದ್ದ ಲೋಕಲ್ 798 ಎಂಬ ಕಾರ್ಮಿಕ ಸಂಘದವರು. ಪೈಪ್ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಇವರ ಬದುಕೂ ಹೋಗುತ್ತಿತ್ತು. ಪೈಪಿನ ವ್ಯಾಸ 48 ಅಂಗುಲ. ಉಕ್ಕನ್ನು ಮೊದಲು ಬಿಸಿ ಮಾಡಬೇಕು, ಬುಡದ ಪದರ ಹಾಕಬೇಕು, ಅದರ ಮೇಲೆ ಒಂದೊಂದಾಗಿ ಉಳಿದ ಪದರಗಳು. ಒಳಗೊಂದು ಗಾಳಿಗುಳ್ಳೆ ಉಳಿದರೂ ಹೊರಗಿನಿಂದ ಕಾಣಲ್ಲ. ಅದಕ್ಕೇ ಮುಖ್ಯ ಪೈಪಿನ ಪ್ರತಿ ಜೋಡಣೆಗೂ ಎಕ್ಸ್‌ರೇ ಕಡ್ಡಾಯ ಅಂತ ಸರ್ಕಾರ ಷರತ್ತು ಹಾಕಿತ್ತು.

ಎಡವಟ್ಟಾಗಿದ್ದು ಇಲ್ಲೇ ನೋಡಿ. ಒಂದೇ ಬೆಸುಗೆಯ ಫಿಲ್ಮನ್ನು ಬೇರೆ ಬೆಸುಗೆಗಳದ್ದು ಅಂತ ತೋರಿಸಿದ್ದು ಬಯಲಾಯಿತು. 1975ರಲ್ಲಿ ಹಾಕಿದ ಸುಮಾರು 30,800 ಬೆಸುಗೆಗಳ ದಾಖಲೆ ಪರಿಶೀಲಿಸಿದಾಗ 3,955 ಬೆಸುಗೆಗಳು ಅನುಮಾನದ ಪಟ್ಟಿ ಸೇರಿದವು. ಕೆಲವು ಫಿಲ್ಮ್ ನಕಲಿ, ಕೆಲವು ನಾಪತ್ತೆ, ಇನ್ನು ಕೆಲವು ಬೆಸುಗೆಗಳಲ್ಲಿ ನಿಜವಾದ ದೋಷ. ಅಷ್ಟರಲ್ಲಿ ಎಷ್ಟೋ ಪೈಪ್ ಮಣ್ಣಿನಡಿ ಸೇರಿತ್ತು. 1976ರಲ್ಲಿ ಮತ್ತೆ ಅಗೆಯೋದು, ಮತ್ತೆ ಎಕ್ಸ್‌ರೇ, ಬೇಕಾದಲ್ಲಿ ರಿಪೇರಿ.

ನನ್ನನ್ನು ಕಾಡೋದು ಆ ಪಟ್ಟಿಯಲ್ಲಿದ್ದ ಒಳ್ಳೇ ಬೆಸುಗೆಗಳು. ವೆಲ್ಡರ್ ಕೊರೆಯೋ ಚಳಿಯಲ್ಲಿ ನಿಂತು ಅಚ್ಚುಕಟ್ಟಾಗಿಯೇ ಮುಗಿಸಿದ್ದ. ಆದ್ರೆ ಅದನ್ನು ತೋರಿಸಬೇಕಿದ್ದ ಫಿಲ್ಮೇ ಸುಳ್ಳು. ಹೀಗಾಗಿ ಒಳ್ಳೇ ಕೆಲಸವೂ ಕೆಟ್ಟ ಕೆಲಸದ ಸಾಲಲ್ಲೇ ನಿಂತಿತು. ಪರೀಕ್ಷೆಯಲ್ಲಿ ಮೋಸ ಮಾಡಿದರೆ ಕಳಪೆ ಕೆಲಸಗಾರ ಬಚಾವಾಗ್ತಾನೆ ಅಂತ ನಾವು ಬೈಕೋತೀವಿ. ನಿಯತ್ತಿನವನ ಹೆಸರು ಹಾಳಾಗೋದು ನಮ್ಮ ಕಣ್ಣಿಗೆ ಬೀಳಲ್ಲ. ರಿವ್ಯೂ ಮಾಡದೇ ‘ಅಪ್ರೂವ್ಡ್’ ಒತ್ತೋ ನಮ್ಮ ಆಫೀಸುಗಳಲ್ಲೂ ಇದೇ ಕಥೆ, ಅಲ್ವಾ?

1977ರ ಜೂನ್ 20ರಂದು ತೈಲ ಹರಿಯತೊಡಗಿತು. ಅಷ್ಟರಲ್ಲಿ ಮುಖ್ಯ ಪೈಪಿನ ಬೆಸುಗೆ ಕೆಲಸ ಮುಗಿದಿತ್ತು. ವೆಲ್ಡರ್‌ಗಳು ಮುಂದಿನ ಪೈಪ್‌ಲೈನ್ ಹುಡುಕಿ ಹೊರಡಬೇಕಿತ್ತು. ಈ ವೃತ್ತಿಯಲ್ಲಿ ಜೊತೆಗೆ ಒಯ್ಯೋದು ಕೈಚಳಕ ಮತ್ತು ಹೆಸರು, ಎರಡೇ.