ಧೂಳು ಒರೆಸಿದರೆ ಸಾಲದು: ಅಂಗಡಿ ಕಂಪ್ಯೂಟರಿನ ಕಾಲು ಶತಮಾನ

ಸಣ್ಣ ಊರಿನ ಪೇಟೆಗೆ ಕಂಪ್ಯೂಟರ್ ಬಂದದ್ದು ಹೆಚ್ಚಾಗಿ ಅಕ್ಷರದ ಕೆಲಸಕ್ಕೆ. ಲೆಕ್ಕ ಆಮೇಲೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ಲಗ್ನಪತ್ರಿಕೆ, ಅರ್ಜಿ, ಜಾತ್ರೆಯ ಕರಪತ್ರ ಮಾಡುವ ಡಿಟಿಪಿ ಅಂಗಡಿಗಳೇ ಈ ಯಂತ್ರವನ್ನು ಜನರಿಗೆ ಬಳಕೆ ಮಾಡಿಸಿದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಕನ್ನಡ ಟೈಪಿಂಗ್ ಎಲ್ಲರ ಕೈಗೆಟುಕಿತು. ಆಗ ರಿಪೇರಿ ಅಂದರೆ ಫಾರ್ಮ್ಯಾಟ್. ವೈರಸ್ ಹೊಕ್ಕರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್. ಹೊಸದಾಗಿ ವಿಂಡೋಸ್ ಹಾಕಿದವರು ನುಡಿ ಫಾಂಟ್ ಮರೆತರೆ ಪತ್ರಿಕೆಯ ತುಂಬ ಯಾರಿಗೂ ಓದಲಾಗದ ಇಂಗ್ಲಿಷ್ ಚಿಹ್ನೆಗಳು. ಗಿರಾಕಿಯ ಪೆನ್‌ಡ್ರೈವ್ ಹಾಕಿದೊಡನೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತಿದ್ದವು. ಕಡತಗಳು ಹೋಗಿರುತ್ತಿರಲಿಲ್ಲ, ಮರೆಯಾಗಿರುತ್ತಿದ್ದವು ಅಷ್ಟೇ. ಅದು ತಿಳಿಯದೆ ಎಷ್ಟೋ ಕೆಲಸವನ್ನು ಕೈಯಾರೆ ಅಳಿಸಿದ್ದುಂಟು.

ಲೆಕ್ಕದ ಕಂಪ್ಯೂಟರ್ ತೆರಿಗೆಯ ಬೆನ್ನು ಹತ್ತಿ ಬಂತು. ಲೆಕ್ಕದ ತಂತ್ರಾಂಶ ಟ್ಯಾಲಿ ತಯಾರಿಸಿದ ಕಂಪನಿಯನ್ನು ಶ್ಯಾಮ್ ಸುಂದರ್ ಗೋಯೆಂಕಾ, ಅವರ ಮಗ ಭರತ್ 1986ರಲ್ಲೇ ಬೆಂಗಳೂರಿನಲ್ಲಿ ಕಟ್ಟಿದ್ದರು. ಆದರೆ ಕಿರ್ದಿ ಪುಸ್ತಕದ ಪಕ್ಕ ಅದಕ್ಕೆ ಜಾಗ ಕೊಡಿಸಿದ್ದು 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಜಾರಿಯಾದ ವ್ಯಾಟ್. 2014ರಿಂದ ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ಆನ್‌ಲೈನ್ ಟೆಂಡರಿಗೆ ಹೊರಳಿದವು. 2017ರ ಜುಲೈ 1ಕ್ಕೆ ಜಿಎಸ್‌ಟಿ, ಮರುವರ್ಷ ಇ-ವೇ ಬಿಲ್. ಒಂದೊಂದು ಕಾಯ್ದೆಯೂ ಕಂಪ್ಯೂಟರ್ ಕೊಳ್ಳಲೇಬೇಕು ಅನ್ನಿಸಿತು. ಕೊಂಡದ್ದನ್ನು ಕಾಪಾಡಿಕೊಳ್ಳುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಇಂದಿನ ತೊಂದರೆಗಳ ಬೇರು ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಯಂತ್ರದ ಮೈಯನ್ನು ನೋಡಿಕೊಳ್ಳುವುದನ್ನು ಮಾತ್ರ ಊರು ತಾನೇ ಕಲಿತುಕೊಂಡಿತು. ಇದು ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ನೆಲ. ಸುಗ್ಗಿಯಲ್ಲಿ ಮೆಕ್ಕೆಜೋಳ, ಶೇಂಗಾ ಮಾರುಕಟ್ಟೆಗೆ ಬಂದರೆ ಹೊಟ್ಟು, ಧೂಳು ದಲ್ಲಾಳಿ ಅಂಗಡಿಯ ಸಿಪಿಯು ಒಳಕ್ಕೂ ಇಳಿಯುತ್ತದೆ. ಮುಚ್ಚಳ ಬಿಚ್ಚಿದರೆ ಫ್ಯಾನಿನ ಕೆಳಗೆ, ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಅನುಭವಸ್ಥ ರಿಪೇರಿಯವನು ಅದನ್ನು ಅಂಗಡಿಯ ಹೊರಗೆ ತಂದು, ಫ್ಯಾನ್ ಗಿರಗಿರ ತಿರುಗದಂತೆ ಬೆರಳು ಅಡ್ಡವಿಟ್ಟು ಬ್ಲೋಯರ್ ಹಿಡಿಯುತ್ತಾನೆ. ರ‍್ಯಾಮ್ ಕಿತ್ತು ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕುತ್ತಾನೆ. ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುತ್ತಾನೆ. ಬೇಸಿಗೆಗೆ ಮುಂಚೆ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್. ಭರಣಿ, ಕೃತ್ತಿಕಾ ಮಳೆಯ ಗುಡುಗು ಕೇಳಿದರೆ ಕರೆಂಟಿನ ಪ್ಲಗ್ ಜೊತೆ ಟೆಲಿಫೋನ್ ತಂತಿಯನ್ನೂ ಕೀಳುವ ರೂಢಿ, ಮೋಡೆಮ್‌ಗಳು ಸುಟ್ಟ ಮೇಲೆ ಬಂದದ್ದು. ಈಗಿನ ಫೈಬರ್ ಎಳೆ ಗಾಜಿನದು, ಅದರಲ್ಲಿ ಸಿಡಿಲಿನ ವಿದ್ಯುತ್ ಹರಿಯದು. ಆದರೂ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲೇ ಇರುವುದರಿಂದ ರೂಢಿ ಬಿಡುವಂತಿಲ್ಲ. ಇನ್ನು ಆಯುಧಪೂಜೆಯ ಹಿಂದಿನ ದಿನ ಕೀಬೋರ್ಡ್ ಬೋರಲು ಹಾಕಿ ಕೊಡವದ, ಮಾನಿಟರ್ ಒರೆಸದ ಅಂಗಡಿ ಅಪರೂಪ.

ಒಳಗಿನ ಲೆಕ್ಕಕ್ಕೆ ಇಂಥ ಹಬ್ಬ ಒಂದೂ ಇಲ್ಲ. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಕ್ರ್ಯಾಕ್ ಮಾಡಿದ ವಿಂಡೋಸ್ ಕೈಕೊಟ್ಟೀತೆಂಬ ಭಯ, ಡೇಟಾ ತುಟ್ಟಿಯಾಗಿದ್ದ ಕಾಲದ ಅಭ್ಯಾಸ ಎರಡೂ ಸೇರಿ ಅಪ್‌ಡೇಟ್ ನಿಲ್ಲಿಸಿಡುವುದೇ ಜಾಣತನವೆನಿಸಿತ್ತು. ಆಮೇಲೆ ಹಬ್ಬಿದ ಡೆಜಾವು ಬಗೆಯ ರ‍್ಯಾನ್ಸಮ್‌ವೇರ್ ಹೊಕ್ಕದ್ದೇ ಕ್ರ್ಯಾಕ್ ತಂತ್ರಾಂಶಗಳ ಬಾಗಿಲಿನಿಂದ. ಟ್ಯಾಲಿಯ ವರ್ಷಗಟ್ಟಲೆ ವ್ಯವಹಾರ ಇರುವುದು ಒಂದು ಡೇಟಾ ಫೋಲ್ಡರಿನಲ್ಲಿ. ಅದರ ನಕಲನ್ನು ಅದೇ ಡಿಸ್ಕಿನ ಡಿ ಡ್ರೈವ್‌ನಲ್ಲಿಟ್ಟು ಬ್ಯಾಕಪ್ ಅಂದುಕೊಂಡವರಿಗೆ ಎರಡೂ ಒಟ್ಟಿಗೇ ಬೀಗ ಬಿದ್ದವು.

ಪಾಸ್‌ವರ್ಡಿನ ಕಥೆ ಇನ್ನೂ ಚಿಂತೆಯದು. ಜಿಎಸ್‌ಟಿ ಪಾಸ್‌ವರ್ಡ್ ಲೆಕ್ಕ ಬರೆಯುವವರ ಬಳಿ, ಒಟಿಪಿ ಬರುವುದು ಕೆಲಸ ಬಿಟ್ಟುಹೋದ ಗುಮಾಸ್ತನ ಮೊಬೈಲಿಗೆ. ಯುಪಿಐ, ಗ್ರಾಮ ಒನ್, ಬೆರಳಚ್ಚಿನಿಂದ ಹಣ ಕೊಡುವ ಯಂತ್ರ ಬಂದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ಮಾಲೀಕನ ಗುಟ್ಟಷ್ಟೇ ಅಲ್ಲ, ಹಳ್ಳಿಯಿಂದ ಬಂದ ರೈತನ ಆಧಾರ್ ಸ್ಕ್ಯಾನ್ ಕೂಡ. ಕೆಲಸ ಮುಗಿದ ಸಂಜೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡುವುದು ಅವನಿಗೆ ಸಲ್ಲಬೇಕಾದ ಮರ್ಯಾದೆ. ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು ಎಂಬುದನ್ನು ಗಲ್ಲಾಪೆಟ್ಟಿಗೆಯ ಮೇಲೆ ಬರೆದಿಟ್ಟರೆ ಒಳ್ಳೆಯದು.

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಎರಡು ವಾರಕ್ಕೆ, 14ರಂದು, ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳು ಬಹಳಷ್ಟು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೊಸದು ಕೊಳ್ಳಲಾಗದವರು ಬಿಲ್ಲಿಂಗ್ ಕಂಪ್ಯೂಟರಿನಿಂದ ಬ್ಯಾಂಕಿನ ಕೆಲಸವನ್ನಾದರೂ ಬೇರೆ ಮಾಡಬೇಕು. ಮಾರ್ಚ್ 31ರ ಲೆಕ್ಕ ಮುಗಿದೊಡನೆ ಎರಡು ಹೊರ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಮನೆಯಲ್ಲಿಟ್ಟು, ಅದು ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೋ ಇಲ್ಲವೋ ಅಂದೇ ನೋಡಬೇಕು.