ಹತ್ತಿಯ ಕಲಬೆರಕೆ ಮತ್ತು ಸರಕಾರದ ಪರೀಕ್ಷೆ: ಬೆಳಗಾವಿ-ಧಾರವಾಡ ಸೀಮೆಯ ಒಂದು ಅಧ್ಯಾಯ

ಯಮಕನಮರಡಿಯಿಂದ ಘಟಪ್ರಭೆಯ ಗುಂಟ ಮೂಡಲಕ್ಕೆ ಸಾಗಿದರೆ ಗೋಕಾಕದ ಜಲಪಾತ ದೊರೆಯುವುದು. ಅಲ್ಲಿ 1887ರಲ್ಲಿ ನೂಲಿನ ಗಿರಣಿ ಆರಂಭವಾಯಿತು. ಆದರೆ ಅದಕ್ಕೆ ಎಷ್ಟೋ ಮುಂಚಿನಿಂದಲೇ ಈ ಸೀಮೆಯ ಎರೆಭೂಮಿಯ ಹತ್ತಿಯು ಕುಮಟೆಯ ಬಂದರದಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಗುತ್ತಿದ್ದಿತು. ಮನೆಯ ಬಳಕೆಗೆಂದು ಬೆಳೆದ ಸರಕು ದೂರದ ಪೇಟೆಯ ಸರಕಾದಾಗ ಅದರ ಗುಣಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಸರಕಾರವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹತ್ತಿಯಲ್ಲಿ ಬೀಜ, ಎಲೆ, ಮಣ್ಣು ಬೆರಸುವುದು, ನೀರು ಚಿಮುಕಿಸಿ ತೂಕ ಹೆಚ್ಚಿಸುವುದು, ಅಂಡಿಗೆಯ ಹೊರಮೈಗೆ ಒಳ್ಳೆಯ ಅರಳೆಯನ್ನಿಟ್ಟು ಒಳಗೆ ಕೀಳು ಅರಳೆಯನ್ನು ತುಂಬುವುದು—ಇವು ಅಂದಿನ ವ್ಯಾಪಾರದ ಪ್ರಸಿದ್ಧ ದೋಷಗಳು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೇರಿಕದ ತಳಿಯು ಹಬ್ಬಿದ ಮೇಲೆ, ಅದರೊಡನೆ ದೇಶೀ ‘ಕುಮಟಾ’ ಹತ್ತಿಯನ್ನು ಬೆರಸುವ ಚಾಳಿಯೂ ಕೂಡಿಕೊಂಡಿತು. ಮುಂಬಯಿ ಸರಕಾರವು 1829ರಲ್ಲಿಯೇ ಇದಕ್ಕೆ ಶಿಕ್ಷೆಯನ್ನು ವಿಧಿಸಿದ್ದಿತು. ಅಮೇರಿಕದ ಅಂತರ್ಯುದ್ಧದಿಂದ (1861-65) ಹತ್ತಿಯ ಬೆಲೆ ಗಗನಕ್ಕೇರಿದಾಗ, 1863ರಲ್ಲಿ ಹೊಸ ಕಾಯಿದೆಯೊಂದು ಜಾರಿಗೆ ಬಂದಿತು. ಪರೀಕ್ಷಕರು ನೇಮಕಗೊಂಡರು; ಅವರ ಇಲಾಖೆಯ ವೆಚ್ಚವನ್ನು ಹತ್ತಿಯ ಮೇಲಿನ ಶುಲ್ಕದಿಂದಲೇ ಭರಿಸಲಾಯಿತು.

ಈ ವ್ಯವಸ್ಥೆ ಬಹುಕಾಲ ಬಾಳಲಿಲ್ಲ. 1878ರಲ್ಲಿ ಕಾಯಿದೆಯು ಬದಲಾಯಿತು. 1880ರ ದಶಕದ ಆರಂಭದಲ್ಲಿ ಅದು ಕೊನೆಗಂಡಿತು. ವ್ಯಾಪಾರಿಗಳ ವಿರೋಧವು ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಮೂಲಕಾರಣವು ಇನ್ನೂ ಆಳದಲ್ಲಿದ್ದಿತೆಂದು ನಮ್ಮ ಅಭಿಪ್ರಾಯ. ಬೆಳೆ ಕೈಗೆ ಬರುವ ಮೊದಲೇ ಸಾವಕಾರನಿಂದ ಮುಂಗಡ ಪಡೆದ ರೈತನು ಬೆಲೆಯನ್ನು ತಾನು ಕಟ್ಟುವ ಸ್ಥಿತಿಯಲ್ಲಿರಲಿಲ್ಲ. ಶುದ್ಧ ಹತ್ತಿಗೂ ಬೆರಕೆಯ ಹತ್ತಿಗೂ ಹಳ್ಳಿಯಲ್ಲಿ ಒಂದೇ ದರ ಸಿಕ್ಕುವಾಗ, ಶುದ್ಧಿಯ ಶ್ರಮವು ಅವನಿಗೆ ನಷ್ಟವೇ ಸರಿ. ಪರೀಕ್ಷಕನು ತಪ್ಪನ್ನು ಹಿಡಿಯಬಲ್ಲವನಾಗಿದ್ದನೇ ಹೊರತು ಒಳ್ಳೆಯದಕ್ಕೆ ಹೆಚ್ಚಿನ ಬೆಲೆ ಕೊಡಿಸಬಲ್ಲವನಾಗಿರಲಿಲ್ಲ.

ಮುಂದಿನ ಶತಮಾನದ ಸುಧಾರಣೆಯು ಬೇರೆ ದಾರಿ ಹಿಡಿಯಿತು. 1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿಯು ಸ್ಥಾಪಿತವಾಯಿತು. 1923ರ ಸಾಗಾಣಿಕೆ ಕಾಯಿದೆಯು, ಬೆರಸುವುದಕ್ಕಾಗಿ ಹೊರಗಿನ ಕೀಳು ಹತ್ತಿಯನ್ನು ಒಳ್ಳೆಯ ಹತ್ತಿಯ ಸೀಮೆಗೆ ತರುವುದನ್ನು ತಡೆಯಲು ಅವಕಾಶವಿತ್ತಿತು. 1925ರ ಕಾಯಿದೆಯು ಪ್ರತಿಯೊಂದು ಅಂಡಿಗೆಯ ಮೇಲೆ ಅದನ್ನು ಒತ್ತಿದ ಕಾರಖಾನೆಯ ಗುರುತನ್ನೂ ಕ್ರಮಸಂಖ್ಯೆಯನ್ನೂ ಕಡ್ಡಾಯಗೊಳಿಸಿತು. ಇದರಿಂದ ದೋಷವು ಎಲ್ಲಿ ಹುಟ್ಟಿತೆಂದು ಕಂಡುಹಿಡಿಯುವುದು ಶಕ್ಯವಾಯಿತು. 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯಿದೆಯಂತೆ ರಚಿತವಾದ ಸಮಿತಿಗಳಲ್ಲಿ ಬೆಳೆಗಾರರಿಗೂ ಸ್ಥಾನ ದೊರೆಯಿತು. 1937ರ ವರ್ಗೀಕರಣ ಕಾಯಿದೆಯಿಂದ ‘ಅಗ್‌ಮಾರ್ಕ್’ ಮುದ್ರೆಯೂ, 1939ರಲ್ಲಿ ಇತರ ಕೃಷಿಸರಕುಗಳಿಗಾಗಿ ಮುಂಬಯಿಯ ಮಾರುಕಟ್ಟೆ ಕಾಯಿದೆಯೂ ಬಂದವು. ಶಿಕ್ಷೆಯ ಸ್ಥಾನದಲ್ಲಿ ಗುರುತು, ಬಹಿರಂಗ ಮಾರಾಟ, ಸರಿಯಾದ ತೂಕ—ಇವು ಮುಖ್ಯವಾದುದೇ ಇಲ್ಲಿಯ ಗಮನಾರ್ಹ ಬದಲಾವಣೆ.

ಆದರೂ ಕಾಯಿದೆಯ ಅಕ್ಷರವೇ ಪೇಟೆಯ ಆಚಾರವಾಯಿತೆಂದು ಭಾವಿಸಲಾಗದು. ಸಾಲದ ಹಂಗು ಹರಿಯದ ಹೊರತು ಬಹಿರಂಗ ಹರಾಜಿಗೆ ಮಾಲು ತರುವ ಸ್ವಾತಂತ್ರ್ಯವೂ ರೈತನಿಗೆ ಪೂರ್ಣವಾಗಿ ದಕ್ಕುವಂತಿರಲಿಲ್ಲ.

ಸ್ವಾತಂತ್ರ್ಯಾನಂತರ 1952ರ ಪ್ರಮಾಣೀಕರಣ ಕಾಯಿದೆಯೂ, 1986 ಮತ್ತು 2016ರ ಭಾರತೀಯ ಮಾನಕ ಬ್ಯೂರೋ ಕಾಯಿದೆಗಳೂ ಬಂದವು. ಅವುಗಳ ನಡುವೆ, 1991ರಲ್ಲಿ, ದೇಶದ ಆರ್ಥಿಕನೀತಿಯೇ ಬದಲಾಯಿತು. ಅರ್ಥವ್ಯವಸ್ಥೆಯು ಮಗ್ಗುಲು ಬದಲಿಸಿದಾಗಲೆಲ್ಲ ಗುಣಪರೀಕ್ಷೆಯ ಪ್ರಶ್ನೆಯು ಹೊಸದಾಗಿ ಏಳುವುದು ಸಹಜ. ಆಗ 1863ರ ಕಾಯಿದೆಯ ಸೋಲನ್ನು ನೆನೆಯುವುದು ಉಚಿತ. ಪರೀಕ್ಷೆಯ ವೆಚ್ಚವನ್ನು ಯಾರು ಹೊರುವರು, ಶುದ್ಧಿಯ ಲಾಭವು ಯಾರಿಗೆ ಸಲ್ಲುವುದು—ಈ ಎರಡನ್ನೂ ಇತ್ಯರ್ಥಪಡಿಸದೆ ಒತ್ತಿದ ಮುದ್ರೆಯು ಸರಕಿನ ಮೇಲೆ ನಿಂತೀತು, ವ್ಯಾಪಾರದಲ್ಲಿ ನಿಲ್ಲದು.