ಎ.ಸಿ.ಯಿಂದ ಕಾಯಿಲೆ ಬಿದ್ದರೆ ಪರಿಹಾರ: ಗಡಿಯಾಚೆ ದುಡಿಯುವವರು ಊರಿಗೆ ಬರುವ ಮುನ್ನ ಮಾಡಬೇಕಾದ್ದು



ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರದಿಂದ ತುಮಕೂರು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ನಮ್ಮ ಸಂಘದ ಅನೇಕ ಮನೆಗಳಲ್ಲಿದ್ದಾರೆ. ಕಾಲ್ ಸೆಂಟರ್, ಮಾಲ್, ಆಸ್ಪತ್ರೆ, ಕಾರ್ಖಾನೆ ಹೀಗೆ ಕೆಲಸ ಬೇರೆ ಬೇರೆ. ಆದರೆ ಕಿಟಕಿ ತೆರೆಯಲಾಗದ ಎ.ಸಿ. ಕಟ್ಟಡದಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಕಳೆಯುವುದು ಹಲವರಿಗೆ ಸಾಮಾನ್ಯ.

ಕಳೆದ ವರ್ಷ ಮಡಕಶಿರ ಕಡೆಯ ಸದಸ್ಯರೊಬ್ಬರು ಮಗಳ ಆಸ್ಪತ್ರೆ ಫೈಲು ಹಿಡಿದು ನನ್ನ ಹತ್ತಿರ ಬಂದಿದ್ದರು. ಬೆಂಗಳೂರಿನ ಒಂದು ಕಚೇರಿಯಲ್ಲಿ ಆಕೆಗೆ ಕೆಲಸ. ಎ.ಸಿ. ಕಿಂಡಿಯಿಂದ ಮೇಜಿನ ಮೇಲೆ ಕಪ್ಪು ಪುಡಿ ಬೀಳುತ್ತಿತ್ತಂತೆ. ಕೆಲಸದ ದಿನ ಕೆಮ್ಮು, ಉಬ್ಬಸ. ರಜೆಗೆ ಊರಿಗೆ ಬಂದರೆ ಆರಾಮ. ಕೊನೆಗೆ ಕೆಲಸ ಬಿಟ್ಟು ಬಂದಳು. ಪರಿಹಾರ ಕೇಳೋಣವೆಂದು ಮನೆಯವರು ಹೊರಡುವ ಹೊತ್ತಿಗೆ ಆ ಕಚೇರಿಯವರು ಡಕ್ಟ್ ಪೂರ್ತಿ ಬದಲಿಸಿಬಿಟ್ಟಿದ್ದರು. ಫೈಲಿನಲ್ಲಿ ಔಷಧ ಅಂಗಡಿಯ ಬಿಲ್ಲುಗಳ ಹೊರತು ಬೇರೇನೂ ಇರಲಿಲ್ಲ. ನನ್ನಿಂದ ಏನೂ ಸಹಾಯವಾಗಲಿಲ್ಲ. ಅಂಥದ್ದು ಇನ್ನೊಬ್ಬರಿಗೆ ಆಗಬಾರದೆಂದು ಈ ಮಾಹಿತಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಅರ್ಜಿ ಹಾಕುವ ಹಕ್ಕು ನಿಮ್ಮ ಜೊತೆ ಊರಿಗೆ ಬರುತ್ತದೆ, ಸಾಕ್ಷ್ಯ ಬರುವುದಿಲ್ಲ. ಅದು ಆ ಕಟ್ಟಡದಲ್ಲೇ ಉಳಿಯುತ್ತದೆ.

ಯಾವ ಯಂತ್ರ, ಯಾವ ಕಾಯಿಲೆ

ಎ.ಸಿ. ಕಾಯಿಲೆ ಎಂದರೆ ಎಲ್ಲವೂ ಒಂದೇ ಅಲ್ಲ. ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಬೂಷ್ಟು ಮತ್ತು ಧೂಳಿನಿಂದ ಬರುವುದು. ಫಿಲ್ಟರ್ ತೊಳೆಯದೆ, ನೀರು ತೊಟ್ಟಿಕ್ಕುವ ತಟ್ಟೆ ಒರೆಸದೆ ಬಿಟ್ಟರೆ ಅಲ್ಲಿ ಬೂಷ್ಟು ಬೆಳೆಯುತ್ತದೆ. ಅಲರ್ಜಿ, ಅಸ್ತಮಾ ಹೆಚ್ಚುತ್ತವೆ. ಕೆಲವರಿಗೆ ಶ್ವಾಸಕೋಶವೇ ಊದಿಕೊಂಡು ಜ್ವರ, ಕೆಮ್ಮು, ಏದುಸಿರು ಬರುತ್ತದೆ. ಕೆಲಸದ ಜಾಗದಲ್ಲಿ ಹೆಚ್ಚು, ದೂರ ಬಂದರೆ ಕಡಿಮೆ ಎಂಬುದೇ ಇದರ ದೊಡ್ಡ ಗುರುತು.

ಎರಡನೆಯದು ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದಾಗ ಇದು ಮೊದಲು ಬೆಳಕಿಗೆ ಬಂತು. 221 ಜನ ಕಾಯಿಲೆ ಬಿದ್ದು 34 ಮಂದಿ ತೀರಿಕೊಂಡರು. ಈ ಬ್ಯಾಕ್ಟೀರಿಯಾ ಬೆಳೆಯುವುದು ಉಗುರುಬೆಚ್ಚನೆಯ ನಿಂತ ನೀರಿನಲ್ಲಿ. ದೊಡ್ಡ ಕಟ್ಟಡಗಳ ತಾರಸಿಯ ಮೇಲಿರುವ ಕೂಲಿಂಗ್ ಟವರ್‌ನಿಂದ ಹೊರಡುವ ಸಣ್ಣ ಹನಿಗಳನ್ನು ಉಸಿರಾಡಿದರೆ ಅಂಟುತ್ತದೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮನೆಯ ಗೋಡೆ ಎ.ಸಿ. ಮತ್ತು ಕಾರಿನ ಎ.ಸಿ. ತಣ್ಣಗಾಗಲು ನೀರು ಬಳಸುವುದಿಲ್ಲವಾದ್ದರಿಂದ ಅವುಗಳಿಂದ ಈ ಭಯವಿಲ್ಲ.

ಆದ್ದರಿಂದ ವೈದ್ಯರಿಗೆ ಬರೀ ಜ್ವರ, ಕೆಮ್ಮು ಎಂದು ಹೇಳಿ ಸುಮ್ಮನಾಗಬೇಡಿ. ಎಲ್ಲಿ ಕೆಲಸ, ಎಂಥ ಎ.ಸಿ., ಯಾವಾಗ ಶುರುವಾಯಿತು ಎಂಬುದನ್ನೂ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಲೀಜಿಯನೆಲ್ಲಾ ಅನುಮಾನವಿದ್ದರೆ ಮೂತ್ರ ಮತ್ತು ಕಫದ ಪ್ರತ್ಯೇಕ ಪರೀಕ್ಷೆ ಇದೆ. ಗುಣವಾಗಿ ಮನೆಗೆ ಬಂದ ಮೇಲೆ ಆ ಪರೀಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಯಾರಿಗೆ ಯಾವ ದಾರಿ

1. ಇ.ಎಸ್.ಐ. ಇರುವವರು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇ.ಎಸ್.ಐ. ಕಡಿತವಾಗುತ್ತಿದ್ದರೆ ಮೊದಲು ಅಲ್ಲಿಗೇ ಹೋಗಬೇಕು. ಸಾಮಾನ್ಯ ಕಾಯಿಲೆಗೆ ಸಂಬಳದ ಶೇ. 70ರಂತೆ ವರ್ಷಕ್ಕೆ 91 ದಿನದವರೆಗೆ ಭತ್ಯೆ ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕಾಯಿಲೆ ಕೆಲಸದಿಂದಲೇ ಬಂದ ಔದ್ಯೋಗಿಕ ರೋಗವೆಂದು ಒಪ್ಪಿದರೆ ಶೇ. 90ರ ಲೆಕ್ಕದಲ್ಲಿ ಅಂಗವಿಕಲತೆ ಭತ್ಯೆ ಇದೆ. ಇ.ಎಸ್.ಐ. ವ್ಯಾಪ್ತಿಯವರು ಅದೇ ಕಾಯಿಲೆಗೆ ಮಾಲೀಕರಿಂದ ಬೇರೆಯಾಗಿ ನೌಕರರ ಪರಿಹಾರ ಕೇಳುವಂತಿಲ್ಲ.

2. ಇ.ಎಸ್.ಐ. ಇಲ್ಲದ ನೌಕರರು. ಇವರಿಗೆ 1923ರ ನೌಕರರ ಪರಿಹಾರ ಕಾಯ್ದೆ. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಹೇಳಿದ ಕೆಲಸಗಳವರಿಗೆ ಮಾತ್ರ ಇದು ಅನ್ವಯ. ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಜೈವಿಕ ಧೂಳು ಉಸಿರಾಡಿ ಬರುವ ಶ್ವಾಸಕೋಶದ ಅಲರ್ಜಿ ಊತ ಆ ಪಟ್ಟಿಯ 'ಸಿ' ಭಾಗದಲ್ಲಿದೆ, ಬೂಷ್ಟಿನ ಕಾಯಿಲೆಗೆ ಹತ್ತಿರದ ಬಾಗಿಲು ಅದೇ. ಪಟ್ಟಿಯಲ್ಲಿಲ್ಲದ ಕಾಯಿಲೆಯಾದರೆ ಕೆಲಸದ ವೇಳೆ ನಡೆದ ಅಪಘಾತದಿಂದಲೇ ನೇರವಾಗಿ ಬಂತೆಂದು ನೌಕರರೇ ತೋರಿಸಬೇಕು. ಅದು ಕಷ್ಟದ ಕೆಲಸ. ಒಪ್ಪಿತವಾದರೆ ಚಿಕಿತ್ಸೆಯ ನಿಜವಾದ ಖರ್ಚು ಸಿಗುತ್ತದೆ. ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ತಿಂಗಳ ಸಂಬಳದ ಶೇ. 25ರಷ್ಟು ಅರ್ಧ ತಿಂಗಳಿಗೊಮ್ಮೆ ಸಿಗುತ್ತದೆ. ಹಣ ತಡವಾದರೆ ಶೇ. 12 ಬಡ್ಡಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇ.ಎಸ್.ಐ., ನೌಕರರ ಪರಿಹಾರ, ರೋಗಗಳ ಪಟ್ಟಿ ಮೂರೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಅರ್ಜಿಯಲ್ಲಿ ಕಾಯ್ದೆಯ ಹೆಸರು ಬರೆಯುವ ಮುನ್ನ, ಕಾಯಿಲೆ ಶುರುವಾದ ದಿನಾಂಕ ಹೇಳಿ ವಕೀಲರನ್ನು ಕೇಳಿಕೊಳ್ಳಿ.

3. ಹಣ ಕೊಟ್ಟು ಸೇವೆ ಪಡೆದವರು. ಲಾಡ್ಜಿನಲ್ಲಿ ತಂಗಿದವರು, ಖಾಸಗಿ ಆಸ್ಪತ್ರೆಯ ರೋಗಿಗಳು, ಎ.ಸಿ. ಬಸ್ಸಿನ ಪ್ರಯಾಣಿಕರು, ವಾರ್ಷಿಕ ಸರ್ವೀಸ್ ಕಂಟ್ರಾಕ್ಟ್ ಮಾಡಿಸಿದ ಮನೆಯವರು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಹಣ ಪಡೆಯುವ ಆಸ್ಪತ್ರೆಗಳೂ ಗ್ರಾಹಕ ಕಾನೂನಿಗೆ ಒಳಪಡುತ್ತವೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೆಲಸ ಮಾಡುವವರು ತಮ್ಮ ಕಂಪನಿಯ ಗ್ರಾಹಕರಲ್ಲ, ಅವರಿಗೆ ಈ ದಾರಿ ಇಲ್ಲ.

4. ಈ ಮೂರರಲ್ಲೂ ಬಾರದವರು. ಸಂಬಳ 21,000 ಮೀರಿದ, ಎರಡನೆಯ ಅನುಸೂಚಿಗೂ ಸೇರದ ಕಚೇರಿ ನೌಕರರಿಗೆ ಉಳಿಯುವುದು ಸಿವಿಲ್ ದಾವೆ. ಮಾಲೀಕರ ನಿರ್ಲಕ್ಷ್ಯವನ್ನು ಅಲ್ಲಿ ಸಾಬೀತು ಮಾಡಬೇಕು.

ಎಲ್ಲಿ ಹಾಕಬೇಕು

ಗಡಿ ಊರಿನವರಿಗೆ ಬಹಳ ಜನ ಹೇಳುವುದು, 'ಕೆಲಸ ಕರ್ನಾಟಕದಲ್ಲಿ, ಕೇಸೂ ಅಲ್ಲೇ' ಎಂದು. ಇದು ಪೂರ್ತಿ ನಿಜವಲ್ಲ.

ನೌಕರರ ಪರಿಹಾರದ ಅರ್ಜಿಯನ್ನು ಘಟನೆ ನಡೆದ ಜಾಗದಲ್ಲಿ, ಮಾಲೀಕರ ನೋಂದಾಯಿತ ಕಚೇರಿ ಇರುವ ಜಾಗದಲ್ಲಿ, ಅಥವಾ ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಜಾಗದಲ್ಲಿ ಹಾಕಬಹುದು. ರಾಯದುರ್ಗದವರು ಅನಂತಪುರದ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಅರ್ಜಿಯಲ್ಲಿ ಜಿಲ್ಲೆಯ ಹೆಸರು ತಪ್ಪಬಾರದು. ಗ್ರಾಹಕ ದೂರನ್ನೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಸಿವಿಲ್ ದಾವೆಗೆ ಮಾತ್ರ ಈ ಅನುಕೂಲವಿಲ್ಲ. ಹಾನಿಯಾದ ಜಾಗದಲ್ಲಿ ಅಥವಾ ಎದುರು ಪಕ್ಷದವರು ಇರುವ ಜಾಗದಲ್ಲಿ ಹೂಡಬೇಕು.

ಗ್ರಾಹಕ ದೂರಿಗೆ 2 ವರ್ಷದ ಗಡುವು. 1923ರ ಕಾಯ್ದೆಯ ಅರ್ಜಿಗೂ 2 ವರ್ಷ. ಔದ್ಯೋಗಿಕ ರೋಗವಾದರೆ, ಆ ಕಾಯಿಲೆಯಿಂದ ಸತತವಾಗಿ ಕೆಲಸಕ್ಕೆ ಹೋಗಲಾಗದ ಮೊದಲ ದಿನದಿಂದ ಎಣಿಕೆ.

ಊರಿಗೆ ಬರುವ ಮುನ್ನ

ಇಂಗ್ಲೆಂಡಿನ ಬ್ಯಾರೋ ಪಟ್ಟಣದಲ್ಲಿ 2002ರಲ್ಲಿ ನಗರಸಭೆಯ ಕಲಾಕೇಂದ್ರದ ಎ.ಸಿ.ಯಿಂದ ಲೀಜಿಯನೆಲ್ಲಾ ಹರಡಿ 7 ಜನ ತೀರಿಕೊಂಡರು, ಸುಮಾರು 180 ಮಂದಿ ಕಾಯಿಲೆ ಬಿದ್ದರು. 2006ರಲ್ಲಿ ನಗರಸಭೆಗೆ 1,25,000 ಪೌಂಡ್ ದಂಡ ಬಿತ್ತು. ತನಿಖೆಯಲ್ಲಿ ಎದ್ದು ಕಂಡ ಲೋಪಗಳಲ್ಲಿ ನಿರ್ವಹಣೆ ಗುತ್ತಿಗೆಯ ಕಾಗದಪತ್ರ ಸರಿಯಿಲ್ಲದ್ದೂ ಒಂದು, ಸಲಹೆ ಕೊಟ್ಟರೂ ಕಿವಿಗೆ ಹಾಕಿಕೊಳ್ಳದ್ದು ಇನ್ನೊಂದು. ನಮ್ಮಲ್ಲೂ ಕೇಸು ನಿಲ್ಲುವುದು ಇವೆರಡರ ಮೇಲೆಯೇ: ಎ.ಸಿ. ಯಾವಾಗ ಸ್ವಚ್ಛ ಮಾಡಿಸಿದರು, ನೀವು ಹೇಳಿದಾಗ ಏನು ಮಾಡಿದರು. ಹಾಗಾಗಿ ಈ ಕಾಗದಗಳು ಕೈಯಲ್ಲಿರಲಿ:

– ಎ.ಸಿ. ಕೆಟ್ಟಿದೆ, ವಾಸನೆ ಬರುತ್ತಿದೆ, ಪುಡಿ ಬೀಳುತ್ತಿದೆ ಎಂದು ಬರವಣಿಗೆಯಲ್ಲಿ ಕೊಟ್ಟ ದೂರು. ಇಮೇಲ್ ಆದರೂ ಸರಿ. ಕಾಗದದಲ್ಲಿ ಕೊಟ್ಟರೆ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ಬಾಯಿ ಮಾತಿನ ದೂರಿಗೆ ಬೆಲೆಯಿಲ್ಲ ಎಂಬುದು ನಾನು ಗುಮಾಸ್ತಿಕೆಯಲ್ಲಿ ದಿನವೂ ಕಂಡದ್ದು.

– ಕಿಂಡಿ, ಫಿಲ್ಟರ್, ನೀರು ಸೋರಿದ ಗುರುತಿನ ಫೋಟೋ, ದಿನಾಂಕದ ಸಮೇತ. ಸರ್ವೀಸ್ ದಿನಾಂಕ ಬರೆದ ಸ್ಟಿಕ್ಕರ್ ಅಥವಾ ರಿಜಿಸ್ಟರ್ ಕಣ್ಣಿಗೆ ಬಿದ್ದರೆ ಅದರದ್ದೂ.

– ಅದೇ ಕೋಣೆಯಲ್ಲಿ ಕೂರುವ ಬೇರೆಯವರಿಗೂ ಹೀಗೇ ಆಗಿದ್ದರೆ ಅವರ ಹೆಸರು, ಅವರು ಒಪ್ಪಿದರೆ ಒಂದು ಸಹಿ.

– ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಾತಿ ವಿವರ, ಇ.ಎಸ್.ಐ. ನಂಬರು. ಇ.ಎಸ್.ಐ. ಇದ್ದವರು ಊರಿಗೆ ಹೊರಡುವ ಮುನ್ನ ಅಲ್ಲಿನ ವೈದ್ಯರಿಂದ ರಜೆಯ ಸರ್ಟಿಫಿಕೇಟ್ ಪಡೆಯಬೇಕು.

– ಬಿಲ್ಲು ಮಾತ್ರ ಸಾಲದು. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಸ್ಕ್ಯಾನ್, ಪರೀಕ್ಷೆಯ ವರದಿ ಬೇಕು. ದಾಖಲೆ ಕೇಳಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮ ಹೇಳುತ್ತದೆ.

– ಹಾಜರಾದ ದಿನ, ಕೆಮ್ಮು ಬಂದ ದಿನ, ರಜೆಯಲ್ಲಿ ಕಡಿಮೆಯಾದ ದಿನ ಬರೆದಿಟ್ಟ ಒಂದು ಪುಟ.

ಕನ್ನಡದಲ್ಲಿರುವ ದಾಖಲೆಗಳಿಗೆ ಆಂಧ್ರದ ಕಚೇರಿಯಲ್ಲಿ ಇಂಗ್ಲಿಷ್ ಅಥವಾ ತೆಲುಗು ಅನುವಾದ ಕೇಳಬಹುದು. ಮೂಲ ಪ್ರತಿ ಯಾರ ಕೈಗೂ ಬಿಟ್ಟುಕೊಡಬೇಡಿ.

ಸಹಾಯ ಎಲ್ಲಿ

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರಿಗೆ ವಕೀಲರ ನೆರವು ಉಚಿತ. ಕೋರ್ಟಿನ ಆವರಣದಲ್ಲಿರುವ ಮಂಡಲ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಗ್ರಾಹಕ ಸಹಾಯವಾಣಿ 1915.

ದುಡಿಯುವವರ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಇದು ಯಾರ ಕೃಪೆಯೂ ಅಲ್ಲ, ಕೇಳುವುದಕ್ಕೆ ಸಂಕೋಚ ಬೇಡ.

ಮಕ್ಕಳು ಹಬ್ಬಕ್ಕೆ ಬಂದಾಗ ಈ ಪುಟ ಓದಿಸಿ. ಅನುವಾದಕ್ಕೆ, ಅರ್ಜಿ ಬರೆಯುವುದಕ್ಕೆ ಸಂಘದಿಂದ ಕೈಲಾದ ಸಹಾಯ ಮಾಡುತ್ತೇವೆ. ಬರುವಾಗ ಫೈಲು ಮರೆಯದೆ ತನ್ನಿ.

– ಕಾರ್ಯದರ್ಶಿ